ಮುಚ್ಚಳ ತಾನಾಗಿಯೇ ಇಳಿಯಬೇಕು

‘ಮುಚ್ಚಳ ಎಷ್ಟು ನಿಧಾನವಾಗಿ ಇಳಿಯಬೇಕು?’

ಕಾರ್ಖಾನೆಯಿಂದ ಬಂದ ಮೊದಲ ಪತ್ರದಲ್ಲಿದ್ದ ಹನ್ನೊಂದನೆಯ ಪ್ರಶ್ನೆ ಇದು. ನಾನೂ ನನ್ನ ಜೊತೆಗಾರನೂ ಓದಿ ನಕ್ಕೆವು. ಎರಡು ವರ್ಷ ಕೂತು ಒಂದು ಬೋರ್ಡ್ ಗೇಮ್ ಕಟ್ಟಿದ್ದೆವು, ನಿಯಮಗಳನ್ನು ನಲವತ್ತು ಸಲ ತಿದ್ದಿದ್ದೆವು, ಮುಚ್ಚಳದ ಬಗ್ಗೆ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಡಬ್ಬಿಗೂ ಮುಚ್ಚಳಕ್ಕೂ ನಡುವೆ ಬಿಡುವ ಜಾಗ ಕೂದಲೆಳೆಯಷ್ಟು ಹೆಚ್ಚಾದರೂ ಮುಚ್ಚಳ ದೊಪ್ಪನೆ ಬೀಳುತ್ತದೆ. ಅಂಥ ಡಬ್ಬಿಯನ್ನು ಮೇಲಿನಿಂದ ಹಿಡಿದು ಎತ್ತಿದರೆ ಕೆಳಭಾಗ ಜಾರಿ ಕಾಯಿಗಳೆಲ್ಲ ನೆಲದ ಪಾಲು. ಜಾಗ ಕಡಿಮೆಯಾದರೆ ಮುಚ್ಚಳ ತೆಗೆಯಲು ಇಬ್ಬರು ಬೇಕು. ಹದವಾಗಿದ್ದರೆ, ಮೇಲಿಟ್ಟು ಕೈಬಿಟ್ಟಾಗ ಒಳಗಿನ ಗಾಳಿ ನಿಟ್ಟುಸಿರಿನಂತೆ ಹೊರಬಂದು ಮುಚ್ಚಳ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನಾವು ಬರೆದ ಉತ್ತರ: ‘ಸಾಮಾನ್ಯವಾಗಿ ಇರುವಂತೆ ಇರಲಿ.’

ಈ ಕಸುಬಿನಲ್ಲಿ ಅದಕ್ಕಿಂತ ದುಬಾರಿಯಾದ ಮಾತು ಇನ್ನೊಂದಿಲ್ಲ. ನೀವು ಬರೆಯದೆ ಬಿಟ್ಟದ್ದನ್ನೆಲ್ಲ ಕಾರ್ಖಾನೆಯೇ ತೀರ್ಮಾನಿಸುತ್ತದೆ, ಮತ್ತು ಅದು ತನಗೆ ಅನುಕೂಲವಾದಂತೆ ತೀರ್ಮಾನಿಸಿದರೆ ತಪ್ಪು ಅದರದ್ದಲ್ಲ.

ನಮ್ಮ ಆಟ ಜೇನುಗೂಡಿನದು. ಆರು ಮೂಲೆಯ ಹಲಗೆಗಳು, ಮರದ ಜೇನುಹುಳುಗಳು, ಒಂದು ಬಟ್ಟೆಯ ಚೀಲ, ನಾಲ್ಕು ದಾಳ, 60 ಕಾರ್ಡು, ನಿಯಮ ಪುಸ್ತಿಕೆ. 2024ರ ಮಧ್ಯದಲ್ಲಿ ಈ ಪಟ್ಟಿಯನ್ನು ಐದು ಕಾರ್ಖಾನೆಗಳಿಗೆ ಕಳಿಸಿದೆವು. ಮೂರು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದವು, ಒಂದು ಪೋಲೆಂಡಿನದು, ಒಂದು ವಿಯೆಟ್ನಾಮಿನದು. ಪೋಲೆಂಡಿನವರು ಹೇಳಿದ ದರ ಚೀನಾದ ಸರಾಸರಿ ದರದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಿತ್ತು. ವಿಯೆಟ್ನಾಮಿನವರು ಕಾರ್ಡು, ಡಬ್ಬಿ, ಹಲಗೆ ತಾವೇ ಮಾಡುವುದಾಗಿಯೂ ಮರದ ಕಾಯಿ ಮತ್ತು ದಾಳವನ್ನು ಹೊರಗಿನಿಂದ ತರಿಸುವುದಾಗಿಯೂ ಬರೆದರು. ಆ ಕೊನೆಯ ಸಾಲನ್ನು ನಾನು ಆಗ ಸರಿಯಾಗಿ ಓದಿಕೊಳ್ಳಲಿಲ್ಲ.

ಐದರಲ್ಲಿ ಒಂದರ ದರ ಉಳಿದವಕ್ಕಿಂತ ಎದ್ದು ಕಾಣುವಷ್ಟು ಅಗ್ಗವಾಗಿತ್ತು. ಜೊತೆಗಾರ ಆಗಲೇ ಲಾಭದ ಲೆಕ್ಕ ಹಾಕಲು ಶುರುಮಾಡಿದ್ದ. ದರದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಎಕ್ಸ್ ವರ್ಕ್ಸ್’ ಎಂದಿತ್ತು. ಅಂದರೆ ಸರಕು ಕಾರ್ಖಾನೆಯ ಬಾಗಿಲಲ್ಲೇ ನಮ್ಮದು. ಅಲ್ಲಿಂದ ಲಾರಿ, ರಫ್ತಿನ ಕಾಗದಪತ್ರ, ಬಂದರಿನ ಖರ್ಚು ಎಲ್ಲ ನಮ್ಮ ತಲೆಗೆ. ಉಳಿದವರಲ್ಲಿ ಚೀನಾದವರು ಕೊಟ್ಟಿದ್ದು ‘ಎಫ್‌ಒಬಿ’ ದರ: ಶೆನ್‌ಝೆನ್‌ನ ಯಾಂಟಿಯಾನ್ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಅವರ ಹೊಣೆ, ಆಮೇಲೆ ನಮ್ಮದು. ಅಗ್ಗದ ದರಕ್ಕೆ ಈ ಖರ್ಚುಗಳನ್ನು ಕೂಡಿಸಿದಾಗ ಅದೇ ಅವಕ್ಕಿಂತ ದುಬಾರಿಯಾಯಿತು. ಈ ಸಂಕೇತಗಳನ್ನು ಅರಿಯದೆ ದರ ಹೋಲಿಸುವವನು ಕಿಲೋ ಲೆಕ್ಕವನ್ನೂ ಲೀಟರ್ ಲೆಕ್ಕವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ.

ಕೊನೆಗೆ ಒಪ್ಪಿದ್ದು ಗ್ವಾಂಗ್‌ಡಾಂಗ್‌ನ ಡಾಂಗ್‌ಗುವಾನ್ ನಗರದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು. ದರಕ್ಕಿಂತ ಹೆಚ್ಚಾಗಿ ನಮ್ಮನ್ನು ಗೆದ್ದದ್ದು ಅಲ್ಲಿನ ಮಾರಾಟ ವಿಭಾಗದ ಹೆಣ್ಣುಮಗಳ ಒಂದು ಸಾಲಿನ ಸಲಹೆ: ‘ನಿಮ್ಮ 60 ಕಾರ್ಡುಗಳಲ್ಲಿ ಆರನ್ನು ಬಿಡಲು ಸಾಧ್ಯವೇ?’ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದದ ಸಾಮಾನ್ಯ ಅಳತೆಯ ಕಾರ್ಡುಗಳು ಅವರ ಯಂತ್ರದಲ್ಲಿ ಒಂದು ಹಾಳೆಗೆ 54 ಹಿಡಿಯುತ್ತವೆ. 55ನೆಯ ಕಾರ್ಡು ಬೇಕೆಂದರೆ ಎರಡನೆಯ ಹಾಳೆ, ಎರಡನೆಯ ಪ್ಲೇಟು, ಎರಡನೆಯ ಕತ್ತರಿಕೆ. ಆರು ಕಾರ್ಡಿಗಾಗಿ ನಾವು ಹೆಚ್ಚುಕಡಿಮೆ ಇನ್ನೊಂದು ಕಟ್ಟಿನ ಬೆಲೆ ತೆರುತ್ತಿದ್ದೆವು. ಒಂದು ಸಂಜೆ ಕೂತು ಆರು ಕಾರ್ಡು ತೆಗೆದು ಆಡಿ ನೋಡಿದೆವು. ಆಟ ಚುರುಕಾಯಿತು. ನಮ್ಮ ಆಟದ ಅತ್ಯುತ್ತಮ ಸಂಪಾದಕ ಒಂದು ಮುದ್ರಣ ಯಂತ್ರ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎಷ್ಟು ಪ್ರತಿ ಮಾಡಿಸುವುದು ಎಂಬ ಪ್ರಶ್ನೆಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಕಾರ್ಖಾನೆ ಒಪ್ಪುವ ಕನಿಷ್ಠ ಸಂಖ್ಯೆ 1000. ಯಂತ್ರಕ್ಕೆ ಪ್ಲೇಟು ಕಟ್ಟಿ, ಶಾಯಿ ಹದಗೊಳಿಸಿ, ಮೊದಲ ಕೆಲವು ನೂರು ಹಾಳೆ ಹಾಳುಮಾಡಿ ನಿಜವಾದ ಮುದ್ರಣ ಶುರುವಾಗುವಷ್ಟರಲ್ಲಿ ಆಗುವ ಖರ್ಚು 100 ಪ್ರತಿಗೂ ಅಷ್ಟೇ, 5000 ಪ್ರತಿಗೂ ಅಷ್ಟೇ. 1500 ಎಂದು ಒಪ್ಪಿಕೊಂಡೆವು. 3000ಕ್ಕೆ ಹೋದರೆ ಪ್ರತಿಯೊಂದರ ದರ ಇನ್ನೂ ಇಳಿಯುತ್ತಿತ್ತು. ಆದರೆ ಮಾರಾಟವಾಗದ 1500 ಡಬ್ಬಿಗಳ ಗೋದಾಮು ಬಾಡಿಗೆ ಆ ಉಳಿತಾಯವನ್ನು ನುಂಗಿ ನೀರು ಕುಡಿಯುತ್ತದೆ.

ನವೆಂಬರ್ ಮೊದಲ ವಾರ ನಾನೇ ಹೋದೆ. ಗ್ವಾಂಗ್‌ಝೌ ನಗರದಲ್ಲಿ ವರ್ಷಕ್ಕೆರಡು ಬಾರಿ ನಡೆಯುವ ಕ್ಯಾಂಟನ್ ಮೇಳದ ಮೂರನೆಯ ಹಂತದಲ್ಲಿ ಆಟಿಕೆಗಳಿರುತ್ತವೆ. 2024ರ ಶರತ್ಕಾಲದಲ್ಲಿ ಅದು ಅಕ್ಟೋಬರ್ 31ರಿಂದ ನವೆಂಬರ್ 4ರವರೆಗೆ ಇತ್ತು. ಮೇಳದ ಬಗ್ಗೆ ಹೇಳುವುದು ಕಡಿಮೆ. ಕಾಲು ನೋಯುತ್ತದೆ, ಚೀಲ ತುಂಬುತ್ತದೆ. ಶಾಂಟೌ ನಗರದ ಚೆಂಗ್‌ಹಾಯ್ ಪ್ರದೇಶದಿಂದ ಬಂದ ಪ್ಲಾಸ್ಟಿಕ್ ಆಟಿಕೆಗಳ ಮಳಿಗೆಗಳ ಮುಂದೆ ನಿಂತಾಗ, ಜಗತ್ತಿನ ಎಲ್ಲ ಮಕ್ಕಳ ಕೈಯಲ್ಲಿರುವ ಎಲ್ಲ ಪುಟ್ಟ ಕಾರುಗಳೂ ಒಂದೇ ಊರಿನವೇನೋ ಎಂಬ ಭ್ರಮೆ ಹುಟ್ಟುತ್ತದೆ. ಭ್ರಮೆ ಪೂರ್ತಿ ಸುಳ್ಳೂ ಅಲ್ಲ. ಅಲ್ಲಿ ಸಿಕ್ಕ ಮುದ್ರಕನೊಬ್ಬ ನಮ್ಮ ಆಟದಲ್ಲಿ ಜಗತ್ತಿನ ನಕ್ಷೆ ಇದೆಯೇ ಎಂದು ಮೊದಲು ಕೇಳಿದ. ಇಲ್ಲವೆಂದಾಗ ನಿರಾಳನಾದ. ನಕ್ಷೆ ಇದ್ದರೆ ಚೀನಾದಲ್ಲಿ ಮುದ್ರಿಸುವ ಮುನ್ನ ಅದು ಸರ್ಕಾರದ ಪರಿಶೀಲನೆಗೆ ಹೋಗಬೇಕಂತೆ, ಗಡಿರೇಖೆಗಳ ಕಾರಣಕ್ಕೆ. ಜೇನುಗೂಡಿಗೆ ಗಡಿ ತಕರಾರಿಲ್ಲ.

ಕಾರ್ಖಾನೆಯಲ್ಲಿ ಕಳೆದ ಒಂದೂವರೆ ದಿನವೇ ನಿಜವಾದ ಪಾಠ. ನಾನು ಊಹಿಸಿಕೊಂಡು ಹೋದದ್ದು ಒಂದು ದೊಡ್ಡ ಛಾವಣಿ, ಅದರಡಿಯಲ್ಲಿ ಎಲ್ಲವೂ. ಕಂಡದ್ದು ಬೇರೆ. ಮುದ್ರಣ, ಹಲಗೆ ಕತ್ತರಿಸುವುದು, ಡಬ್ಬಿಗೆ ಕಾಗದ ಅಂಟಿಸುವುದು ಅವರದ್ದು. ದಾಳ ಪಕ್ಕದ ಬೀದಿಯ ಇನ್ನೊಬ್ಬನದು. ಬಟ್ಟೆ ಚೀಲ ಮತ್ತೊಬ್ಬನದು. ಮರದ ಕಾಯಿ ಒಂದು ಗಂಟೆ ದೂರದ ಊರಿನದು. ಡಬ್ಬಿಯೊಳಗೆ ಕಾಯಿಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ತಟ್ಟೆಯವನು ಬೆಳಗ್ಗೆ ಸ್ಕೂಟರಿನಲ್ಲಿ ಮಾದರಿ ತಂದು ಮಧ್ಯಾಹ್ನಕ್ಕೆ ತಿದ್ದಿ ಮತ್ತೆ ತಂದ. ಅಗ್ಗದ ಕೂಲಿಗಾಗಿ ಜನ ಚೀನಾಕ್ಕೆ ಹೋಗುತ್ತಾರೆ ಎಂದು ನಾನೂ ನಂಬಿದ್ದೆ. ಕೂಲಿ ಅಲ್ಲಿ ಅಗ್ಗವಾಗಿಲ್ಲದೆ ಬಹಳ ವರ್ಷವಾಯಿತು. ಅಲ್ಲಿ ನಾವು ಬಾಡಿಗೆಗೆ ಪಡೆಯುವುದು ನೆರೆಹೊರೆಯನ್ನು.

ಆ ನೆರೆಹೊರೆ ಒಂದೇ ಕಡೆ ನಿಂತದ್ದೂ ಅಲ್ಲ. 1959ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೊದಲ ಬಾರ್ಬಿ ಗೊಂಬೆಗಳು ತಯಾರಾದದ್ದು ಜಪಾನಿನಲ್ಲಿ. ಜಪಾನ್ ದುಬಾರಿಯಾದಾಗ ಕೆಲಸ ಹಾಂಗ್‌ಕಾಂಗ್‌ಗೆ, ತೈವಾನಿಗೆ ಸರಿಯಿತು. 1980ರಲ್ಲಿ ಶೆನ್‌ಝೆನ್ ವಿಶೇಷ ಆರ್ಥಿಕ ವಲಯವಾದ ಮೇಲೆ ಹಾಂಗ್‌ಕಾಂಗ್‌ನ ಮಾಲೀಕರು ಅಚ್ಚುಗಳನ್ನು ಹೊತ್ತುಕೊಂಡು ಗಡಿ ದಾಟಿದರು. ನಾನು ಭೇಟಿ ಕೊಟ್ಟ ಕಾರ್ಖಾನೆಯ ಮಾಲೀಕನ ಅಪ್ಪನೂ ಹಾಗೆ ಬಂದ ಒಬ್ಬರ ಬಳಿ ಕೆಲಸಕ್ಕೆ ಸೇರಿದವನಂತೆ. ಈಗ ಮಗ ‘ಮುಂದೆ ಎಲ್ಲಿಗೆ?’ ಎಂಬ ಪ್ರಶ್ನೆಯನ್ನು ದಿನಕ್ಕೊಮ್ಮೆ ಗಿರಾಕಿಗಳಿಂದ ಕೇಳುತ್ತಾನೆ.

ಮರದ ಜೇನುಹುಳುವಿನ ಕತೆ ಹೇಳಲೇಬೇಕು. ನಮಗೆ ಮೊದಲು ಪ್ಲಾಸ್ಟಿಕ್ ಹುಳುಗಳ ಆಸೆ ಇತ್ತು, ರೆಕ್ಕೆಯಲ್ಲಿ ನರಗಳು ಕಾಣುವಂಥವು. ಅದಕ್ಕೆ ಉಕ್ಕಿನ ಅಚ್ಚು ಕೊರೆಯಬೇಕು. ಒಮ್ಮೆ ಕೊರೆದರೆ ಸಾವಿರಾರು ಹುಳು ಉದುರುತ್ತವೆ ನಿಜ, ಆದರೆ ಮೊದಲ ಹುಳು ಉದುರುವ ಮುನ್ನವೇ ಅಚ್ಚಿನ ಪೂರ್ತಿ ದುಡ್ಡು ಕೊಟ್ಟಿರಬೇಕು. 1500 ಪ್ರತಿಯ ಆಟಕ್ಕೆ ಅದು ಆನೆಯ ಅಂಬಾರಿಯನ್ನು ಆಡಿನ ಮೇಲೆ ಹೊರಿಸಿದಂತೆ. ಮರಕ್ಕೆ ಒಪ್ಪಿದೆವು. ಮರದ ಕಾಯಿಗಳನ್ನು ಒಂದೊಂದಾಗಿ ಕೆತ್ತುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಉದ್ದನೆಯ ಮರದ ಪಟ್ಟಿಯ ಎರಡೂ ಬದಿಗಳನ್ನು ಕಾಯಿಯ ಆಕಾರಕ್ಕೆ ಕೊರೆದು, ಆಮೇಲೆ ಆ ಉದ್ದದ ಕೋಲನ್ನು ಬಿಲ್ಲೆ ಬಿಲ್ಲೆಯಾಗಿ ಗರಗಸಕ್ಕೆ ಕೊಡುತ್ತಾರೆ. ಪ್ರತಿ ಬಿಲ್ಲೆಯೂ ಒಂದು ಹುಳು. ಅವನ್ನೆಲ್ಲ ಬಣ್ಣದ ಜೊತೆ ಒಂದು ಪೀಪಾಯಿಗೆ ಸುರಿದು ತಿರುಗಿಸುತ್ತಾರೆ. ಒಂದಕ್ಕೊಂದು ಉಜ್ಜಿ ಬಣ್ಣವೂ ಹಿಡಿಯುತ್ತದೆ, ಮೂಲೆಗಳೂ ನುಣುಪಾಗುತ್ತವೆ. ಪೀಪಾಯಿಯ ಸದ್ದು ಜೋರು ಮಳೆ ಹೆಂಚಿನ ಮೇಲೆ ಬಿದ್ದಂತೆ.

ಮೊದಲ ಸುತ್ತಿನ ಹುಳುಗಳು ಪೀಪಾಯಿಯಿಂದ ಹೊರಬಂದಾಗ ಮೂರರಲ್ಲಿ ಒಂದಕ್ಕೆ ರೆಕ್ಕೆ ಇರಲಿಲ್ಲ. ರೆಕ್ಕೆಯ ಬುಡವನ್ನು ನಾವು ಎರಡು ಮಿಲಿಮೀಟರಿಗೆ ಬಿಡಿಸಿದ್ದೆವು, ಪರದೆಯ ಮೇಲೆ ನವಿರಾಗಿ ಕಾಣುತ್ತದೆ ಎಂದು. ಮೇಸ್ತ್ರಿ ಮುರಿದ ಒಂದು ಹುಳುವನ್ನು ನನ್ನ ಅಂಗೈಗೆ ಹಾಕಿ, ಪೆನ್ಸಿಲ್ ತೆಗೆದು, ನಮ್ಮ ಚಿತ್ರದ ಮೇಲೆ ರೆಕ್ಕೆಗಳನ್ನು ದಪ್ಪಗೆ ತೀಡಿದ. ಭಾಷೆ ಬೇಕಾಗಲಿಲ್ಲ. ಈಗಿನ ನಮ್ಮ ಹುಳುಗಳು ಜೇನುಹುಳುವಿಗಿಂತ ತುಂಬಿಗೆ ಹತ್ತಿರ. ಮಕ್ಕಳಿಗೆ ಅದೇ ಇಷ್ಟ.

ಜೋಡಣೆಯ ಸಾಲಿನಲ್ಲಿ ಬೇರೊಬ್ಬರ ಆಟ ಹೋಗುತ್ತಿತ್ತು. ಹದಿನೈದು ಇಪ್ಪತ್ತು ಮಂದಿ, ಪ್ರತಿಯೊಬ್ಬರ ಕೈಯಿಂದ ಒಂದೊಂದು ವಸ್ತು ಡಬ್ಬಿಗೆ. ಸಾಲಿನ ಕೊನೆಯಲ್ಲಿ ಒಂದು ತಕ್ಕಡಿ. ಮುಚ್ಚಿದ ಪ್ರತಿ ಡಬ್ಬಿಯನ್ನೂ ತೂಗುತ್ತಾರೆ. ತೂಕ ಕೆಲವು ಗ್ರಾಂ ಕಡಿಮೆ ಬಂದರೆ ಏನೋ ಒಂದು ಒಳಗೆ ಹೋಗಿಲ್ಲ ಎಂದರ್ಥ. ಅಷ್ಟೇ ಸರಳ. ಆದರೆ ನಮ್ಮ ಒಂದು ಮರದ ಹುಳುವಿನ ತೂಕ ಒಂದು ಗ್ರಾಮಿಗೂ ಕಡಿಮೆ, ಹಲಗೆಗಳ ತೂಕ ತೇವಕ್ಕೆ ತಕ್ಕಂತೆ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಒಂದು ಹುಳು ಕಳೆದದ್ದು ತಕ್ಕಡಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಹುಳುಗಳನ್ನು ಮೊದಲೇ ಎಣಿಸಿ ಪುಟ್ಟ ಪೊಟ್ಟಣ ಕಟ್ಟಬೇಕು, ಆ ಪೊಟ್ಟಣವನ್ನು ಬೇರೆಯೇ ತೂಗಬೇಕು ಎಂದು ಕರಾರಿನಲ್ಲಿ ಸೇರಿಸಿದೆವು. ಪೊಟ್ಟಣ ಪ್ಲಾಸ್ಟಿಕ್ಕಿನದೋ ಕಾಗದದ್ದೋ ಎಂಬುದು ಮುಂದಿನ ಜಗಳ. ಈಗ ಎಲ್ಲರೂ ಪ್ಲಾಸ್ಟಿಕ್ ಬಿಡುತ್ತಿದ್ದಾರೆ. ಕಾರ್ಡಿನ ಕಟ್ಟಿಗೆ ಕಾಗದದ ಪಟ್ಟಿ, ಡಬ್ಬಿಗೆ ಪಾರದರ್ಶಕ ಹೊದಿಕೆಯ ಬದಲು ನಾಲ್ಕು ದುಂಡು ಸ್ಟಿಕರು. ನಾವೂ ಬಿಟ್ಟೆವು. ಆ ಹೆಮ್ಮೆಗೆ ಬೆಲೆ ತೆತ್ತ ಕತೆ ಮುಂದೆ ಬರುತ್ತದೆ.

ವಯಸ್ಸಿನ ಗುರುತಿನ ಬಗ್ಗೆ ನಾವಿಬ್ಬರೂ ಒಂದು ವಾರ ಮಾತು ಬಿಟ್ಟಿದ್ದೆವು. ಅಂಗಡಿಯಲ್ಲಿ ಸಿಗುವ ಎಷ್ಟೋ ಆಟಗಳ ಮೇಲೆ ‘14ಕ್ಕಿಂತ ಮೇಲ್ಪಟ್ಟವರಿಗೆ’ ಎಂದಿರುತ್ತದೆ, ಹತ್ತು ವರ್ಷದ ಮಗು ಸಲೀಸಾಗಿ ಆಡಬಲ್ಲ ಆಟಕ್ಕೂ. ಕಾರಣ ಬುದ್ಧಿಮತ್ತೆಯಲ್ಲ, ಕಾನೂನು. ಯುರೋಪಿನಲ್ಲಿ 14 ವರ್ಷದೊಳಗಿನವರಿಗೆಂದು ಮಾಡಿದ್ದು ಆಟಿಕೆ. ಅದಕ್ಕೆ ಅಲ್ಲಿನ ಸುರಕ್ಷತಾ ನಿಯಮ ಪಾಲಿಸಿದ್ದೇವೆಂದು ಸಾರುವ ಸಿಇ ಗುರುತು ಬೇಕು, ಇಎನ್ 71 ಎಂಬ ಆಟಿಕೆ ಸುರಕ್ಷತಾ ಪರೀಕ್ಷೆಗಳು ಬೇಕು. ಅಮೆರಿಕದಲ್ಲಿ 12 ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆಂದರೆ ಹೊರಗಿನ ಪ್ರಯೋಗಾಲಯದ ಪರೀಕ್ಷೆ, ಪ್ರಮಾಣಪತ್ರ, ಯಾವ ಕಂತಿನಲ್ಲಿ, ಯಾವಾಗ ತಯಾರಾಯಿತೆಂದು ಹೇಳುವ ಗುರುತುಚೀಟಿ ಕಡ್ಡಾಯ. 14 ಎಂದು ಬರೆದುಬಿಟ್ಟರೆ ಇದರಿಂದೆಲ್ಲ ತಪ್ಪಿಸಿಕೊಳ್ಳಬಹುದು ಎಂಬುದು ಜೊತೆಗಾರನ ವಾದ. ಆದರೆ ನಗುವ ಜೇನುಹುಳುವಿನ ಚಿತ್ರ ಇರುವ ಡಬ್ಬಿಯ ಮೇಲೆ 14 ಎಂದು ಬರೆದರೆ ಅಧಿಕಾರಿ ನಂಬಬೇಕಲ್ಲ? ಅವರು ನೋಡುವುದು ಆಟ ಯಾರ ಕಣ್ಣು ಸೆಳೆಯುತ್ತದೆ ಎಂಬುದನ್ನು. ಕೊನೆಗೆ 8 ಎಂದು ಬರೆದು ಪರೀಕ್ಷೆಗೆ ಕಳಿಸಿದೆವು.

ಪ್ರಯೋಗಾಲಯದಲ್ಲಿ ಎಳೆದು, ಬೀಳಿಸಿ, ತಿರುಚಿ ನೋಡುತ್ತಾರೆ. ಬಟ್ಟೆಗೆ ಬೆಂಕಿ ತಾಗಿಸುತ್ತಾರೆ. ಬಣ್ಣವನ್ನು ಆಮ್ಲದಲ್ಲಿ ನೆನೆಸಿ ಸೀಸ, ಕ್ಯಾಡ್ಮಿಯಂ ಸೇರಿ 19 ಧಾತುಗಳು ಎಷ್ಟು ಹೊರಬರುತ್ತವೆ ಎಂದು ಅಳೆಯುತ್ತಾರೆ. ಈ ಕಟ್ಟುನಿಟ್ಟಿನ ಹಿಂದೆ 2007ರ ನೆನಪಿದೆ. ಆ ವರ್ಷ ಬಣ್ಣದಲ್ಲಿ ಸೀಸ ಇದ್ದ ಕಾರಣಕ್ಕೆ ಚೀನಾದಲ್ಲಿ ತಯಾರಾದ ಲಕ್ಷಗಟ್ಟಲೆ ಆಟಿಕೆಗಳನ್ನು ಬಾರ್ಬಿಯ ಕಂಪನಿ ಮ್ಯಾಟೆಲ್ ಸೇರಿದಂತೆ ಹಲವು ಕಂಪನಿಗಳು ಹಿಂದಕ್ಕೆ ಪಡೆದವು. ಮರುವರ್ಷ ಅಮೆರಿಕ ಹೊಸ ಕಾನೂನು ತಂದು ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಕರಣ ಮಾತ್ರ ತೀರಾ ಸಾದಾ ಒಂದು ಕೊಳವೆ. ಒಳವ್ಯಾಸ 31.7 ಮಿಲಿಮೀಟರ್, ತಳ ಓರೆ. ಅದರೊಳಗೆ ಪೂರ್ತಿಯಾಗಿ ಹೊಕ್ಕುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೂ ಹೊಗಬಲ್ಲದು ಎಂದು ಲೆಕ್ಕ. ನಮ್ಮ ತುಂಬಿಹುಳು ಆರಾಮವಾಗಿ ಹೊಕ್ಕಿತು. ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಯಿತು.

ಯುರೋಪಿಗೆ ಇನ್ನೊಂದು ಬೇಡಿಕೆ ಇತ್ತು: ಅಲ್ಲೇ ನೆಲೆಸಿರುವ ಒಬ್ಬ ಹೊಣೆಗಾರನ ಹೆಸರು, ವಿಳಾಸ ಡಬ್ಬಿಯ ಮೇಲಿರಬೇಕು. 14ರ ಗುರುತು ಹಾಕಿ ಜಾರಿಕೊಳ್ಳುತ್ತಿದ್ದವರಿಗೂ 2024ರ ಡಿಸೆಂಬರ್ 13ರಿಂದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮದ ಹೆಸರಿನಲ್ಲಿ ಅದೇ ಹೊರೆ ಬಂತು. ಜೊತೆಗಾರನಿಗೆ ಆ ಸುದ್ದಿಯನ್ನು ನಾನು ತುಸು ಹೆಚ್ಚೇ ಸಂತೋಷದಿಂದ ತಿಳಿಸಿದೆ.

ಅಷ್ಟರಲ್ಲಿ ಜನವರಿ ಬಂತು. 2025ರ ಚೀನೀ ಹೊಸ ವರ್ಷ ಜನವರಿ 29ಕ್ಕೆ. ರಜೆ ಒಂದು ವಾರ ಎಂದು ಪಂಚಾಂಗ ಹೇಳುತ್ತದೆ. ಕಾರ್ಖಾನೆಗಳು ಹತ್ತು ದಿನ ಮೊದಲೇ ಖಾಲಿಯಾಗುತ್ತವೆ, ಮತ್ತೆ ತುಂಬಲು ಫೆಬ್ರವರಿ ಮಧ್ಯವಾಗುತ್ತದೆ, ಹೋದವರೆಲ್ಲ ಮರಳುತ್ತಾರೆಂಬ ಖಾತ್ರಿಯೂ ಇಲ್ಲ. ಮುದ್ರಣಕ್ಕೆ ಮುನ್ನ ಒಪ್ಪಿಗೆಗೆಂದು ಕೈಯಿಂದ ಜೋಡಿಸಿದ ಮಾದರಿ ಪ್ರತಿ ನಮಗೆ ಜನವರಿ ಎರಡನೆಯ ವಾರ ಸಿಕ್ಕಿತು. ತೆರೆದು ನೋಡಿದರೆ, ನಾವು ಪ್ರೀತಿಯಿಂದ ಬಳಿದಿದ್ದ ಆಕಾಶನೀಲಿ ಅಂಚು ಬದನೆ ಬಣ್ಣಕ್ಕೆ ತಿರುಗಿತ್ತು. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಮುದ್ರಣ ಶಾಯಿಯಿಂದ. ಬೆಳಗುವ ನೀಲಿ ಕಾಗದದ ಮೇಲೆ ಬದುಕುವುದಿಲ್ಲ. ತಿಳಿದವರು ಬಣ್ಣದ ಪಟ್ಟಿಯಲ್ಲಿನ ಸಂಖ್ಯೆ ಬರೆಯುತ್ತಾರೆ. ನಾವು ‘ನೀಲಿ’ ಎಂದು ಬರೆದಿದ್ದೆವು. ತಿದ್ದಿದ ಕಡತ ಕಳಿಸಲು ನಾಲ್ಕು ದಿನ ತೆಗೆದುಕೊಂಡೆವು. ಕಾರ್ಖಾನೆ ಅದಕ್ಕೆ ಎರಡು ದಿನ ಮೊದಲು ಬಾಗಿಲು ಹಾಕಿತ್ತು. ಆ ಎರಡು ದಿನದ ತಡ ನಮಗೆ ಐದು ವಾರವನ್ನು ತಿಂದಿತು. ಆ ಐದು ವಾರ ಏನನ್ನು ತಿಂದಿತು ಎಂಬುದು ಏಪ್ರಿಲ್‌ನಲ್ಲಿ ತಿಳಿಯಿತು.

ಮಾರ್ಚ್ ಕೊನೆಗೆ 1500 ಡಬ್ಬಿ ಸಿದ್ಧವಾದವು. ತಪಾಸಣೆಗೆ ಹೊರಗಿನ ಒಬ್ಬನನ್ನು ಗೊತ್ತುಮಾಡಿದೆವು. 1500ರ ರಾಶಿಗೆ ಅಂತರರಾಷ್ಟ್ರೀಯ ಕೋಷ್ಟಕದ ಪ್ರಕಾರ 125 ಡಬ್ಬಿ ತೆರೆದು ನೋಡಬೇಕು. ನಾವು ಆರಿಸಿಕೊಂಡ ಮಟ್ಟದಲ್ಲಿ ದೊಡ್ಡ ದೋಷ ಏಳರವರೆಗೆ ಬಂದರೆ ರಾಶಿ ಪಾಸು, ಎಂಟಾದರೆ ಫೇಲು. ನಮಗೆ ಐದು ಬಂದವು. ಮೂರರಲ್ಲಿ ದಾಳ ಹೆಚ್ಚಿತ್ತು. ಅದನ್ನು ದೋಷವೆನ್ನಲು ನನಗೇ ಮನಸ್ಸಾಗಲಿಲ್ಲ.

ನಮ್ಮ ಡಬ್ಬಿ 29.6 ಸೆಂಟಿಮೀಟರ್ ಚೌಕ, ಎತ್ತರ 7. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿದರೆ ಸುಮಾರು ಹತ್ತು ಘನ ಮೀಟರ್. 20 ಅಡಿಯ ಕಂಟೇನರಿನ ಒಳಗೆ 33 ಘನ ಮೀಟರ್ ಜಾಗ ಇರುತ್ತದೆ. ನಮಗೆ ಪೂರ್ತಿ ಕಂಟೇನರು ಬೇಡ. ಬೇರೆಯವರ ಸರಕಿನ ಜೊತೆ ಪಾಲು ಹಂಚಿಕೊಳ್ಳಬೇಕು. ಆಗ ಹೊಳೆದದ್ದು: ನಮ್ಮ ಡಬ್ಬಿಯ ಒಳಗೆ ಮೂರರಲ್ಲಿ ಒಂದು ಪಾಲು ಖಾಲಿ. ಕಪಾಟಿನಲ್ಲಿ ದೊಡ್ಡದಾಗಿ ಕಾಣಲಿ ಎಂದು ಆ ಗಾತ್ರ ಆರಿಸಿದ್ದೆವು. ಅಂದರೆ ಮೂರು ಘನ ಮೀಟರಿಗೂ ಹೆಚ್ಚು ಗ್ವಾಂಗ್‌ಡಾಂಗ್‌ನ ಗಾಳಿಗೆ ಹಡಗಿನ ಬಾಡಿಗೆ ಕೊಟ್ಟು ಖಂಡಾಂತರ ಸಾಗಿಸುತ್ತಿದ್ದೆವು. 2021ರಲ್ಲಿ ಕಂಟೇನರ್ ಬಾಡಿಗೆ ಆಕಾಶಕ್ಕೇರಿದ ಮೇಲೆ ಆಟದ ಡಬ್ಬಿಗಳು ಏಕೆ ಕುಗ್ಗುತ್ತ ಬಂದವು ಎಂಬುದು ನನಗೆ ಅರ್ಥವಾದದ್ದು ಆ ಬಿಲ್ಲು ನೋಡಿದ ದಿನ.

ಮುಂಗಡ ಕೊಂಡವರಲ್ಲಿ ಸುಮಾರು ಅರ್ಧ ಮಂದಿ ಅಮೆರಿಕದವರು, ಉಳಿದವರಲ್ಲಿ ಹೆಚ್ಚಿನವರು ಯುರೋಪಿನವರು. ಯುರೋಪಿನ ಪಾಲು ಏಪ್ರಿಲ್ ಮೊದಲ ದಿನಗಳಲ್ಲೇ ಹೊರಟಿತು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲಾದ ದಾಳಿಗಳ ಕಾರಣ ಹಡಗು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗುತ್ತದೆ, ಹತ್ತು ಹದಿನೈದು ದಿನ ಹೆಚ್ಚು ಎಂದರು. ಆಗಲಿ ಎಂದೆವು. ಅಮೆರಿಕದ 700 ಡಬ್ಬಿ ಮುಂದಿನ ವಾರದ ಹಡಗಿಗೆ.

ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷರು ಹೊಸ ಸುಂಕಗಳನ್ನು ಘೋಷಿಸಿದರು. ಒಂದು ವಾರದೊಳಗೆ ಚೀನಾದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಏರುತ್ತ ಏರುತ್ತ ಶೇ 145ಕ್ಕೆ ಮುಟ್ಟಿತು. ಬೋರ್ಡ್ ಗೇಮ್‌ಗಳಿಗೆ ಅಲ್ಲಿ ಅದುವರೆಗಿನ ಸಾಮಾನ್ಯ ಸುಂಕ ಸೊನ್ನೆ. ನಾನು ಬೆಳಗ್ಗೆ ಎದ್ದು ಸಂಖ್ಯೆ ನೋಡುತ್ತಿದ್ದೆ, ರಾತ್ರಿ ಮಲಗುವಾಗ ಬೇರೆ ಸಂಖ್ಯೆ ಇರುತ್ತಿತ್ತು. ‘ಸುಂಕ ಚೀನಾದವರು ಕಟ್ಟುತ್ತಾರಲ್ಲ, ನಿಮಗೇನು?’ ಎಂದು ಪರಿಚಿತರೊಬ್ಬರು ಸಮಾಧಾನ ಹೇಳಿದರು. ಸುಂಕ ಕಟ್ಟುವವನು ಆಮದು ಮಾಡಿಕೊಳ್ಳುವವನು, ಸರಕು ಗಡಿ ದಾಟುವ ದಿನ. ಆ ಸರಕಿನ ಆಮದುದಾರರು ನಾವೇ. ಕಾರ್ಖಾನೆಗೆ ಕೊಟ್ಟದ್ದರ ಒಂದೂವರೆ ಪಟ್ಟಿನಷ್ಟನ್ನು ಬಂದರಿನಲ್ಲಿ ಇನ್ನೊಮ್ಮೆ ಸುರಿಯಬೇಕಿತ್ತು, ಒಂದು ಡಬ್ಬಿಯೂ ಕೈಗೆ ಬರುವ ಮುನ್ನ. ಚೀನೀ ಹೊಸ ವರ್ಷಕ್ಕೆ ಮುನ್ನ ನೀಲಿ ಬಣ್ಣ ಸರಿಯಾಗಿದ್ದಿದ್ದರೆ ಆ 700 ಡಬ್ಬಿ ಮಾರ್ಚಿನಲ್ಲೇ ಅಮೆರಿಕ ತಲುಪಿರುತ್ತಿದ್ದವು, ಆಗಿನ ಶೇ 20ರ ಸುಂಕದಲ್ಲಿ.

ಕಾರ್ಖಾನೆಯ ಹೆಣ್ಣುಮಗಳು ಒಂದು ದಾರಿ ಸೂಚಿಸಿದಳು: ಒಂದೊಂದು ಡಬ್ಬಿಯನ್ನೂ ಚೀನಾದಿಂದ ನೇರವಾಗಿ ಗಿರಾಕಿಯ ಮನೆಗೆ ಅಂಚೆಯಲ್ಲಿ ಕಳಿಸುವುದು, 800 ಡಾಲರಿಗಿಂತ ಕಡಿಮೆ ಬೆಲೆಯ ಪೊಟ್ಟಣಕ್ಕೆ ಅಮೆರಿಕದಲ್ಲಿ ಸುಂಕವಿರಲಿಲ್ಲ. ಲೆಕ್ಕ ಮುಗಿಸುವಷ್ಟರಲ್ಲಿ ಮೇ 2ರಿಂದ ಚೀನಾದ ಪೊಟ್ಟಣಗಳಿಗೆ ಆ ವಿನಾಯಿತಿಯೂ ಮುಚ್ಚಿತು. ಇನ್ನು ಮಾಡಲು ಉಳಿದದ್ದು ಕಾಯುವುದು. ಗೋದಾಮಿನಲ್ಲಿ ಕೂತ 700 ಡಬ್ಬಿಗಳ ಚಿತ್ರವನ್ನು ಆಕೆ ವಾರಕ್ಕೊಮ್ಮೆ ಕಳಿಸುತ್ತಿದ್ದಳು, ಆಸ್ಪತ್ರೆಯಲ್ಲಿರುವ ನೆಂಟರ ಸುದ್ದಿ ಮುಟ್ಟಿಸುವಂತೆ. ನಮ್ಮ ಹಿಂದೆ ಮುಂದೆ ಇನ್ನೂ ಎಷ್ಟೋ ಆಟಗಳ ಡಬ್ಬಿಗಳು ಅದೇ ಗೋಡೆಗೆ ಒರಗಿದ್ದವು. ಮೇ 12ರಂದು ಎರಡೂ ದೇಶಗಳು ಜಿನೀವಾದಲ್ಲಿ ರಾಜಿಯಾದವು. 14ರಿಂದ ಸುಂಕ ಶೇ 30ಕ್ಕೆ ಇಳಿಯಿತು. ಎರಡು ತಿಂಗಳ ಹಿಂದೆ ಶೇ 30 ಎಂದಿದ್ದರೆ ಎದೆ ಬಡಿದುಕೊಳ್ಳುತ್ತಿದ್ದೆವು. ಅಂದು ಸಿಹಿ ಹಂಚುವ ಮನಸ್ಸಾಯಿತು. ಎಲ್ಲರಿಗೂ ಒಮ್ಮೆಲೇ ಹಡಗು ಬೇಕಾದ್ದರಿಂದ ಬಾಡಿಗೆ ಏರಿದ್ದು ಬೇರೆ ಮಾತು. ಆ ಸುಂಕಗಳ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದವರಲ್ಲಿ ಲರ್ನಿಂಗ್ ರಿಸೋರ್ಸಸ್ ಎಂಬ ಶೈಕ್ಷಣಿಕ ಆಟಿಕೆಗಳ ಕಂಪನಿಯೂ ಇತ್ತು. ವಾದ ನಡೆದದ್ದು 2025ರ ನವೆಂಬರ್ 5ರಂದು. ಉಕ್ಕಿನವರಲ್ಲ, ಕಾರಿನವರಲ್ಲ, ಮಕ್ಕಳಿಗೆ ಎಣಿಕೆ ಕಲಿಸುವ ಆಟಿಕೆಯವರು. ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಈ ವ್ಯಾಪಾರದಲ್ಲಿ ಲಾಭದ ಅಂಚು ಅಷ್ಟು ತೆಳು.

ಯುರೋಪಿನ ಪಾಲು ಜೂನಿನಲ್ಲಿ ಮುಟ್ಟಿತು. ಮೊದಲ ಪತ್ರಗಳು ಸಂಭ್ರಮದವು. ನಂತರ ಒಬ್ಬರು ಬರೆದರು: ‘ಡಬ್ಬಿ ತುಂಬ ಚೆನ್ನಾಗಿದೆ. ತೆರೆಯುವುದು ಹೇಗೆ?’ ಎರಡು ತಿಂಗಳ ಸಮುದ್ರಯಾನ, ಎರಡು ಬಾರಿ ಉಷ್ಣವಲಯ, ಪಾರದರ್ಶಕ ಹೊದಿಕೆ ಇಲ್ಲ. ರಟ್ಟು ತೇವ ಕುಡಿದು ಉಬ್ಬಿ ಮುಚ್ಚಳ ಬಿಗಿದುಕೊಂಡಿತ್ತು. ಹದಿನೇಳು ಮಂದಿಯಿಂದ ಅದೇ ದೂರು. ಮೂವರು ಚಾಕು ಬಳಸಿದ್ದರು, ಒಬ್ಬರ ಮುಚ್ಚಳ ಮೂಲೆಯಲ್ಲಿ ಸೀಳಿತ್ತು. ಅಮೆರಿಕದ ಪಾಲಿಗೆ ಪೆಟ್ಟಿಗೆಯೊಳಗೆ ತೇವ ಹೀರುವ ಪುಡಿಯ ಚೀಲಗಳನ್ನು ಹಾಕಿಸಿದೆವು. ಹೊದಿಕೆ ಮಾತ್ರ ಈಗಲೂ ಬೇಡವೆಂದೇ ನನ್ನ ಹಟ.

ಎರಡನೆಯ ಮುದ್ರಣಕ್ಕೆ ಈಗ ಮತ್ತೆ ಪತ್ರ ಬರೆಯುತ್ತಿದ್ದೇವೆ. ಸುತ್ತಲಿನವರೆಲ್ಲ ‘ಚೀನಾ ಜೊತೆಗೆ ಇನ್ನೊಂದು’ ಎನ್ನುತ್ತಾರೆ, ಅಂದರೆ ಇನ್ನೊಂದು ದೇಶದಲ್ಲೂ ಕಾಲಿಟ್ಟಿರಬೇಕು. ದೊಡ್ಡವರು ಆಗಲೇ ಇಟ್ಟಿದ್ದಾರೆ. ಲೆಗೊ 2025ರ ಏಪ್ರಿಲ್‌ನಲ್ಲಿ ವಿಯೆಟ್ನಾಮಿನ ಬಿನ್ ಡುವಾಂಗ್ ಪ್ರಾಂತ್ಯದಲ್ಲಿ ಕಾರ್ಖಾನೆ ತೆರೆಯಿತು. ಆದರೆ ಲೆಗೊ ತನ್ನ ನೆರೆಹೊರೆಯನ್ನು ತಾನೇ ಕಟ್ಟಿಕೊಳ್ಳಬಲ್ಲದು. 1500 ಡಬ್ಬಿಯ ನಮ್ಮಂಥವರು ಇನ್ನೊಬ್ಬರು ಕಟ್ಟಿದ ಬೀದಿಯಲ್ಲೇ ಬಾಡಿಗೆಗೆ ಇರಬೇಕು. ಯುರೋಪಿನ ಪಾಲನ್ನು ಪೋಲೆಂಡಿನಲ್ಲಿ ಮಾಡಿಸಿದರೆ ಹಡಗೂ ಇಲ್ಲ, ತೇವವೂ ಇಲ್ಲ. ದರದ ಅಂತರ ಮೊದಲಿನಷ್ಟು ಹೆದರಿಸುವುದಿಲ್ಲ. ಆದರೆ 1500ನ್ನು ಎರಡು ಕಡೆ ಒಡೆದರೆ ಎರಡೂ ಕಡೆ ಕನಿಷ್ಠ ಸಂಖ್ಯೆಗಿಂತ ಕೆಳಗೆ ಬೀಳುತ್ತೇವೆ.

ವಿಯೆಟ್ನಾಮಿನ ಕಾರ್ಖಾನೆಗೂ ಮತ್ತೆ ಬರೆದೆ. ಈ ಬಾರಿ ಪಟ್ಟಿ ಒಂಬತ್ತು ಪುಟ. ಡಬ್ಬಿ ಚಿಕ್ಕದು, ಬಣ್ಣಕ್ಕೆ ಸಂಖ್ಯೆ, ರೆಕ್ಕೆಯ ಬುಡಕ್ಕೆ ಅಳತೆ, ಮುಚ್ಚಳ ಕೈಬಿಟ್ಟ ಮೇಲೆ ನಾಲ್ಕರಿಂದ ಆರು ಸೆಕೆಂಡಿನೊಳಗೆ ತಾನಾಗಿಯೇ ಇಳಿಯಬೇಕು ಎಂಬ ಸಾಲು. ಅವರ ಉತ್ತರ ಮರುದಿನವೇ ಬಂತು, ಅಚ್ಚುಕಟ್ಟಾಗಿ. ಎಲ್ಲವೂ ಸಾಧ್ಯ, ಮುಚ್ಚಳವೂ. ಹಳೆಯ ಪತ್ರದ ಆ ಕೊನೆಯ ಸಾಲು ನೆನಪಾಗಿ, ಮರದ ಕಾಯಿಯನ್ನೂ ದಾಳವನ್ನೂ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ.

‘ಡಾಂಗ್‌ಗುವಾನ್‌ನಿಂದ’ ಎಂದರು. ‘ಡಬ್ಬಿಯ ರಟ್ಟು ಕೂಡ.’